ಮೊದಲ ಕೊಲೆ ಯಾವುದು?

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಒಂದು ಸಂಜೆ, ಚೀಲ ಹೊತ್ತು ದಣಿದು ಕೂತಿದ್ದ ಹಮಾಲರೊಬ್ಬರ ಮುಂದೆ ನನ್ನ ಓದಿನ ಗಂಟು ಬಿಚ್ಚಿದ್ದೆ. ಕಲ್ಯಾಣದ ಬಿಜ್ಜಳನನ್ನು ಕೊಂದವರು ಯಾರು ಅನ್ನೋದೇ ದೊಡ್ಡ ಒಗಟು ಅಂದೆ. ಅವರು ಬೀಡಿ ಆರಿಸಿ ಕೇಳಿದರು: 'ಅರಸನ್ನ ಕೊಂದವರ್ಯಾರಂತ ಇಷ್ಟು ಹುಡುಕ್ತೀರಿ. ಹರಳಯ್ಯನ್ನ ಕೊಂದವರ್ಯಾರಂತ ಯಾಕ ಹುಡುಕಂಗಿಲ್ಲ?'

ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಗಟೇನೋ ಇದೆ. ಬಿಜ್ಜಳ ತಾನೇ ಚಾಲುಕ್ಯರ ಮಾಂಡಲಿಕನಾಗಿದ್ದು, ಒಡೆಯ ಮೂರನೆಯ ತೈಲಪನ ಸಿಂಹಾಸನ ನುಂಗಿದವನು. ಸುಮಾರು 1167ರಲ್ಲಿ ಅವನ ಆಳ್ವಿಕೆ ಮುಗಿಯಿತು, ಮಗ ಸೋವಿದೇವ ಪಟ್ಟಕ್ಕೆ ಬಂದ. ಅರಮನೆಯಲ್ಲೇ ಜಗದೇವ ಮತ್ತವನ ಜೊತೆಗಾರರು ಇರಿದರು ಅಂತ ವೀರಶೈವ ಪುರಾಣಗಳು ಹೇಳುತ್ತವೆ. ಕೊಲ್ಲಾಪುರದ ದಂಡಯಾತ್ರೆಯಿಂದ ಮರಳುವಾಗ ವಿಷದ ಹಣ್ಣು ಕೊಟ್ಟು ಕೊಂದರು ಅಂತ ಜೈನರ ಬಿಜ್ಜಳರಾಯಚರಿತೆ ಹೇಳುತ್ತದೆ. ಕೊಲೆಯೇ ಆಗಲಿಲ್ಲ, ತಾನಾಗಿ ಮಗನಿಗೆ ರಾಜ್ಯ ಒಪ್ಪಿಸಿದ ಅಂತ ಶಾಸನ ಹಿಡಿದು ವಾದಿಸುವ ವಿದ್ವಾಂಸರೂ ಉಂಟು. ಒಬ್ಬ ಅರಸನ ಸಾವಿಗೆ ಎಷ್ಟು ಸಾಕ್ಷಿ, ಎಷ್ಟು ವಕೀಲರು!

ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ಬೀಗರಿಬ್ಬರ ಕಣ್ಣು ಕೀಳಿಸಿದರು ಅಂತ ಒಂದು ಕಡೆ, ಆನೆಯ ಕಾಲಿಗೆ ಕಟ್ಟಿ ಎಳೆಸಿದರು ಅಂತ ಇನ್ನೊಂದು ಕಡೆ. ನಮ್ಮ ಪುಸ್ತಕಗಳು ಇದಕ್ಕೆ ಬಳಸುವ ಪದ 'ಶಿಕ್ಷೆ'. ಬಿಜ್ಜಳನದು ಮಾತ್ರ 'ಕೊಲೆ'. ಭಾಷೆ ಯಾರ ಕಡೆ ನಿಂತಿದೆ ನೋಡ್ರಿ.

ಹಾಗಾದರೆ ಜಗದೇವನ ಕತ್ತಿಗೆ ಜೈ ಅನ್ನಬೇಕೆ? ಬಹಳ ದಿನ ನಾನು ಅಂದಿದ್ದೇನೆ. ಈಗ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಕತ್ತಿಯಿಂದ ಅರಸ ಹೋದ, ಅರಸನ ಮಗ ಬಂದ. ಶರಣರು ದಿಕ್ಕಾಪಾಲಾದರು. ಸಮಗಾರರ ಕೇರಿ ಊರ ಹೊರಗೇ ಉಳಿಯಿತು. ಆದರೆ 'ಹಿಂಸೆ ತಪ್ಪು' ಅಂತ ಬಿಜ್ಜಳನ ಹೆಣದ ಮುಂದೆ ನಿಂತು ಮಾತ್ರ ಉಪದೇಶ ಶುರು ಮಾಡುವವರನ್ನೂ ನಾನು ನಂಬಲಾರೆ. ಆನೆ ಹೊರಟಾಗ ಅವರು ಎಲ್ಲಿದ್ದರು? ಇನ್ನು ಆ ಮಾವುತ. ಅವನ ಹೆಸರು ನಾನೆಲ್ಲೂ ಓದಿಲ್ಲ. ಅವನೂ ಕೂಲಿಯವನೇ ಇದ್ದಾನು. ಆಜ್ಞೆ ಅರಸನದು, ಒತ್ತಾಯ ಅಗ್ರಹಾರದ್ದು, ಅಂಕುಶ ಹಿಡಿದ ಕೈ ಮಾತ್ರ ಬಡವನದು. ಅವನ ಪಾಲಿನ ಪಾಪ ಎಷ್ಟು? ತೂಗಲು ನನ್ನ ಹತ್ತಿರ ತಕ್ಕಡಿ ಇಲ್ಲ.

ಹಳೇ ಮಾತು ಬಿಡ್ರಿ ಅಂದೀರಿ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ 7 ಮಂದಿ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹೆಣ ಏಳು, ಕೊಲೆಗಾರ ಒಬ್ಬನೂ ಇಲ್ಲ. ಇದು ಪತ್ತೇದಾರಿ ಕಾದಂಬರಿಯಾಗಿದ್ದರೆ ಓದುಗ ದುಡ್ಡು ವಾಪಸ್ ಕೇಳುತ್ತಿದ್ದ.

ಹಾವೇರಿ ಸೀಮೆಯಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದ ವೀರ. ಒಡೆಯನಿಗಾಗಿ, ದನಕ್ಕಾಗಿ ಸತ್ತವರಿಗೆ ಕಲ್ಲು ಸಿಕ್ಕಿತು. ಮಗನ ಮದುವೆಗಾಗಿ ಸತ್ತ ಸಮಗಾರನಿಗೆ ನಿಲ್ಲಿಸಿದ ಒಂದು ಕಲ್ಲನ್ನೂ ನಾನು ಕಂಡಿಲ್ಲ.

ಮೊನ್ನೆ ರಾಣೆಬೆನ್ನೂರಿನಿಂದ ಬಸ್ಸು ಹತ್ತಿ ಚೌಡಯ್ಯದಾನಪುರಕ್ಕೆ ಹೋಗಿದ್ದೆ. ಮುಕ್ತೇಶ್ವರ ಗುಡಿಯ ಕೆತ್ತನೆ ನೋಡಲು ಬಂದವರು ಫೋಟೋ ಹೊಡೆಯುತ್ತಿದ್ದರು. ನಾನು ಅಂಬಿಗರ ಚೌಡಯ್ಯನ ಗದ್ದಿಗೆ ಕಡೆ ನಡೆದೆ. ತುಂಗಭದ್ರೆ ಅಲ್ಲೇ ಹರಿಯುತ್ತಿದ್ದಳು. ದಡದಲ್ಲಿ ಬಲೆ ಬಿಡಿಸುತ್ತಿದ್ದ ಹುಡುಗನೊಬ್ಬ, 'ಆಚೀಗೆ ಹೋಗೋದೈತೇನ್ರಿ?' ಅಂದ.