ಯೋಗ್ಯತೆ ಎಲ್ಲಿರುವುದು?

‘ಯೋಗ್ಯ’, ‘ಅಯೋಗ್ಯ’ ಎಂಬ ಎರಡು ಶಬ್ದಗಳು ನಮ್ಮ ನಿತ್ಯದ ಮಾತಿನಲ್ಲಿ ಬಹು ಸುಲಭವಾಗಿ ಹೊರಬೀಳುತ್ತವೆ. ಕೊಡೆ ಕಪ್ಪು, ಗೋಡೆ ಬಿಳುಪು ಎನ್ನುವಂತೆಯೇ ಇವನು ಯೋಗ್ಯ, ಅವನು ಅಯೋಗ್ಯ ಎಂದುಬಿಡುತ್ತೇವೆ. ಬಣ್ಣವು ಗೋಡೆಯಲ್ಲಿರುವ ಹಾಗೆ ಯೋಗ್ಯತೆಯೂ ಒಂದು ವಸ್ತುವಿನಲ್ಲಿಯೋ ಒಬ್ಬ ಮನುಷ್ಯನಲ್ಲಿಯೋ ನೆಲಸಿರುವ ಗುಣವೆಂಬುದು ಈ ಮಾತಿನ ಹಿಂದಿರುವ ನಂಬಿಕೆ. ತರ್ಕಸಂಗ್ರಹವನ್ನು ಓದಿದವರು ಇದನ್ನು ಅಷ್ಟು ಬೇಗ ಒಪ್ಪಲಾರರು. ವಾಕ್ಯದ ಅರ್ಥವು ತಿಳಿಯಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಇರಬೇಕೆಂದು ಅನ್ನಂಭಟ್ಟನು ಹೇಳುತ್ತಾನೆ. ‘ಬೆಂಕಿಯಿಂದ ತೋಟವನ್ನು ನೆನೆಸು’ ಎಂದರೆ ಬೆಂಕಿಯೆಂಬ ಪದದಲ್ಲಿ ಕುಂದಿಲ್ಲ. ನೆನೆಸುವುದೆಂಬ ಪದದಲ್ಲಿಯೂ ಕುಂದಿಲ್ಲ. ಎರಡರ ಅರ್ಥಗಳೂ ಒಂದಕ್ಕೊಂದು ಕೂಡಲಾರವು, ಅಷ್ಟೆ. ಅಯೋಗ್ಯತೆಯಿರುವುದು ಆ ಕೂಡುವಿಕೆಯಲ್ಲಿ.

ಶಾಸ್ತ್ರದ ಈ ಮಾತನ್ನು ಕಣ್ಣಿಗೆ ಕಾಣುವಂತೆ ತೋರಿಸುವ ಉದಾಹರಣೆಯನ್ನು ನಾನು ಪಾಠಶಾಲೆಯ ಗ್ರಂಥಗಳಿಂದ ತೆಗೆದುಕೊಳ್ಳುವುದಿಲ್ಲ. ಒಂದು ಹಳೆಯ ಇಂಗ್ಲಿಷ್ ಮೋಟಾರಿನಿಂದ ತೆಗೆದುಕೊಳ್ಳುತ್ತೇನೆ. ಗಡಿಯಾರ ಮತ್ತು ಬಾವಿಯ ರಾಟೆಗಳನ್ನು ಬಿಟ್ಟು ಬೇರೆ ಯಂತ್ರವನ್ನು ಮುಟ್ಟದ ಸಂಸ್ಕೃತ ಪಂಡಿತನಿಗೆ ಇದರ ಗೊಡವೆ ಏಕೆಂದು ವಾಚಕರು ನಗಬಹುದು. ನಕ್ಕು ಮುಂದಕ್ಕೆ ಓದಲೆಂದು ಪ್ರಾರ್ಥನೆ.

ಎಂ.ಜಿ.ಬಿ. ಎಂಬ ಸ್ಪೋರ್ಟ್ಸ್ ಕಾರು ೧೯೬೨ರಿಂದ ೧೯೮೦ರ ವರೆಗೆ ಇಂಗ್ಲೆಂಡಿನ ಆಬಿಂಗ್ಡನ್ ಎಂಬ ಊರಿನಲ್ಲಿ ತಯಾರಾಗುತ್ತಿದ್ದಿತು. ೧೭೯೮ ಘನ ಸೆಂಟಿಮೀಟರಿನ ಇಂಜಿನು, ನಾಲ್ಕು ಸಿಲಿಂಡರುಗಳು. ಗಾಳಿಯಲ್ಲಿ ಪೆಟ್ರೋಲನ್ನು ತುಂತುರಾಗಿ ಬೆರೆಸುವುದು ಕಾರ್ಬ್ಯುರೇಟರಿನ ಕೆಲಸ. ಆ ಮಿಶ್ರಣವನ್ನು ಸಿಲಿಂಡರುಗಳ ಬಾಗಿಲಿಗೆ ಒಯ್ದು ಹಂಚುವ ಲೋಹದ ನಾಳಕ್ಕೆ ಮ್ಯಾನಿಫೋಲ್ಡು ಎಂದು ಹೆಸರು. ಕಾರ್ಬ್ಯುರೇಟರಿನ ಹೆಸರನ್ನು ಎಲ್ಲರೂ ಹೇಳುತ್ತಾರೆ. ನಡುವೆ ನಿಂತು ಎರಡನ್ನು ಕೂಡಿಸುವ ಮ್ಯಾನಿಫೋಲ್ಡನ್ನು ಕೇಳುವವರಿಲ್ಲ. ವಾಕ್ಯದಲ್ಲಿ ವಿಭಕ್ತಿಪ್ರತ್ಯಯದ ಗತಿಯೂ ಇದೇ.

ಈ ಇಂಜಿನಿನಲ್ಲಿ ಒಂದು ವಿಶೇಷವುಂಟು. ಸಿಲಿಂಡರುಗಳು ನಾಲ್ಕಾದರೂ ಮಿಶ್ರಣವು ಒಳಹೋಗುವ ಬಾಗಿಲುಗಳು ಎರಡೇ. ಒಂದನೆಯದಕ್ಕೂ ಎರಡನೆಯದಕ್ಕೂ ಒಂದು ಬಾಗಿಲು, ಮೂರನೆಯದಕ್ಕೂ ನಾಲ್ಕನೆಯದಕ್ಕೂ ಇನ್ನೊಂದು. ಇವು ಉಸಿರೆಳೆಯುವ ಸರದಿ ೧-೩-೪-೨. ಇದನ್ನು ಬೆರಳಿನಲ್ಲಿ ಎಣಿಸಿ ನೋಡಿದರೆ ಒಂದೇ ಬಾಗಿಲಿನ ಇಬ್ಬರೂ ಬೆನ್ನು ಬೆನ್ನಿಗೆ ಎಳೆದು, ಆಮೇಲೆ ಬಹಳ ಹೊತ್ತು ಸುಮ್ಮನಿರುವರೆಂದು ತಿಳಿಯುವುದು. ಮೂರನೆಯದು ಇನ್ನೂ ಗುಟುಕು ಮುಗಿಸುವ ಮೊದಲೇ ನಾಲ್ಕನೆಯದರ ಕವಾಟವು ತೆರೆಯುತ್ತದೆ. ಎರಡನೆಯದರ ಕಡೆಯ ಗುಟುಕಿಗೆ ಒಂದನೆಯದು ಬಾಯಿ ಹಾಕುತ್ತದೆ. ಒಂದೇ ಪಾತ್ರೆಯಿಂದ ಹಾಲು ಕುಡಿಯುವ ಅಣ್ಣತಮ್ಮಂದಿರ ಜಗಳವನ್ನು ಕಂಡ ಗೃಹಿಣಿಯರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕಾರನ್ನು ಮಾಡಿದವರು ಪ್ರತಿ ಬಾಗಿಲಿಗೂ ಒಂದೂವರೆ ಅಂಗುಲ ಬಾಯಿಯ ಒಂದೊಂದು ಎಸ್.ಯು. ಕಾರ್ಬ್ಯುರೇಟರನ್ನಿಟ್ಟು, ಎರಡು ನಾಳಗಳ ನಡುವೆ ಸಮತೆಗಾಗಿ ಒಂದು ಅಡ್ಡನಾಳವನ್ನು ಕೂಡಿಸಿದರು. ಎಸ್.ಯು. ಯಂತ್ರದೊಳಗಿನ ಪಿಸ್ಟನ್ನು ಗಾಳಿಯ ಸೆಳೆತಕ್ಕೆ ತಕ್ಕಂತೆ ತಾನೇ ಏರಿ ಇಳಿದು ದಾರಿಯನ್ನು ಹಿಗ್ಗಿಸಿ ಕುಗ್ಗಿಸುವುದು. ಅದರ ಅಡಿಯ ಚೂಪಾದ ಸೂಜಿಯು ಪೆಟ್ರೋಲನ್ನು ಅಳೆದು ಬಿಡುವುದು.

ಇಟಲಿಯ ಬೊಲೊನ್ಯದಲ್ಲಿ ಹುಟ್ಟಿದ ವೆಬರ್ ಕಾರ್ಬ್ಯುರೇಟರಿನ ಕೀರ್ತಿ ಇದಕ್ಕಿಂತ ದೊಡ್ಡದು. ಎರಡು ಕಂಠಗಳ ಈ ಯಂತ್ರವನ್ನು ಆಲ್ಫಾ ರೋಮಿಯೊದವರು ೧೯೬೩ರ ಜೂಲಿಯ ಸ್ಪ್ರಿಂಟ್ ಜಿ.ಟಿ. ಕಾರಿನಲ್ಲಿ ಎರಡೆರಡಾಗಿ ಇಟ್ಟರು. ನಾಲ್ಕು ಕಂಠ, ನಾಲ್ಕು ಸಿಲಿಂಡರು. ಪ್ರತಿಯೊಂದಕ್ಕೂ ತನ್ನದೇ ತಟ್ಟೆ. ಈ ಕೀರ್ತಿಯನ್ನು ಕೇಳಿ ಎಂ.ಜಿ.ಬಿ.ಯ ಒಡೆಯನು ತನ್ನ ಇಂಜಿನಿಗೆ ಒಂದು ವೆಬರನ್ನು ಕೂಡಿಸುತ್ತಾನೆ. ಈಗ ಒಂದೊಂದು ಕಂಠದಿಂದ ಇಬ್ಬಿಬ್ಬರು ಉಣ್ಣಬೇಕು, ಅದೂ ಬೆನ್ನು ಬೆನ್ನಿಗೆ. ಅಲ್ಲಿ ಸರಿಯಾಗಿದ್ದ ಜೆಟ್ಟುಗಳ ಅಳತೆ ಇಲ್ಲಿ ಸರಿಯಾಗದು. ನೇರವಾದ ಉದ್ದನೆಯ ಮ್ಯಾನಿಫೋಲ್ಡಿಗೆ ಇಂಜಿನಿಗೂ ಪಕ್ಕದ ತಗಡಿಗೂ ನಡುವೆ ಎಡೆ ಸಾಲದು. ಗಿಡ್ಡನೆಯದನ್ನೋ ಬಾಗಿದುದನ್ನೋ ಹಾಕಬೇಕು. ಬಲ್ಲವನು ಇದನ್ನೆಲ್ಲ ಹೊಂದಿಸಿ ವೆಬರಿನಿಂದಲೂ ಒಳ್ಳೆಯ ಓಟವನ್ನು ಪಡೆಯುವನು. ಅರಿಯದವನ ಕಾರು ಊರೊಳಗೆ ಕೆಮ್ಮುತ್ತ ಕೆಮ್ಮುತ್ತ ಹೋಗುವುದು. ಹಾಗಾದರೆ ವೆಬರು ಯೋಗ್ಯವೊ, ಅಯೋಗ್ಯವೊ?

ಇನ್ನೊಬ್ಬನು ಜಾತಿಯನ್ನು ಬಿಡದೆ ಗಾತ್ರವನ್ನು ಹೆಚ್ಚಿಸುತ್ತಾನೆ. ಮೂರು ಲೀಟರಿನ ಎಂ.ಜಿ.ಸಿ. ಕಾರಿನಲ್ಲಿದ್ದ ಒಂದೂಮುಕ್ಕಾಲು ಅಂಗುಲದ ಎಸ್.ಯು.ಗಳನ್ನು ತಂದು ಒಂದೂವರೆ ಅಂಗುಲದ ನಾಳಕ್ಕೆ ಬಿಗಿಯುತ್ತಾನೆ. ಕೂಡುವೆಡೆಯಲ್ಲಿ ಸುತ್ತಲೂ ಅಂಗುಲದ ಎಂಟನೆಯ ಒಂದು ಪಾಲಿನ ಮೆಟ್ಟಿಲು ಏರ್ಪಡುವುದು. ಆ ಮೆಟ್ಟಿಲಿಗೆ ಬಡಿದ ಗಾಳಿಯು ಸುಳಿಗಟ್ಟುವುದು. ತುಂತುರು ಹನಿಯಾಗಿ ಗೋಡೆಗೆ ಅಂಟುವುದು. ನಾಳವನ್ನೇ ಅರದಿಂದ ಉಜ್ಜಿ ಉದ್ದಕ್ಕೂ ಹಿಗ್ಗಿಸಿದರೋ, ವಿಸ್ತಾರವು ನೂರಕ್ಕೆ ಮೂವತ್ತಾರರಷ್ಟು ಹೆಚ್ಚುವುದು; ಇಂಜಿನು ಎಳೆಯುವ ಗಾಳಿ ಅಷ್ಟೇ ಇರುವುದರಿಂದ ಅದರ ವೇಗವು ಕಾಲುಭಾಗಕ್ಕಿಂತಲೂ ಹೆಚ್ಚಾಗಿ ತಗ್ಗುವುದು. ವೇಗ ತಗ್ಗಿದ ಗಾಳಿಯು ಹನಿಗಳನ್ನು ಹೊತ್ತು ಸಾಗಿಸಲಾರದು. ದೊಡ್ಡದು ಒಳ್ಳೆಯದೆಂಬ ನಂಬಿಕೆಗೆ ಲೆಕ್ಕದ ಬೆಂಬಲವಿಲ್ಲ.

ಇಲ್ಲಿ ಪೂರ್ವಪಕ್ಷಿಯು ಏಳುವನು: “ಎಲ್ಲವೂ ಸಂಬಂಧದಲ್ಲಿಯೇ ಇದ್ದರೆ ಸ್ವತಃ ಕೆಟ್ಟದ್ದೆಂಬುದೇ ಇಲ್ಲವೆ? ಸೋಮಾರಿಯೂ ಎಲ್ಲಿಯೋ ಒಂದು ಕಡೆ ಯೋಗ್ಯನೆ?” ಆಕ್ಷೇಪವು ಹಗುರವಾದುದಲ್ಲ. ಥ್ರಾಟಲಿನ ಕಡ್ಡಿಯು ಸವೆದು ಅದರ ಪಕ್ಕದಿಂದ ಗಾಳಿ ನುಸುಳುವ ಕಾರ್ಬ್ಯುರೇಟರನ್ನು ಯಾವ ಮ್ಯಾನಿಫೋಲ್ಡಿಗೆ ಬಿಗಿದರೂ ಅದು ಕೆಟ್ಟದ್ದೇ. ಅದು ದೋಷ, ಅಯೋಗ್ಯತೆಯಲ್ಲ. ದೋಷವು ವಸ್ತುವಿನಲ್ಲಿರುವುದು, ಅದನ್ನು ರಿಪೇರಿ ಮಾಡಬೇಕು. ಅಯೋಗ್ಯತೆಯು ಎರಡರ ನಡುವೆ ಇರುವುದು, ಅದಕ್ಕೆ ನಡುವಣದನ್ನು ಬದಲಿಸಬೇಕು. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕುವುದರಿಂದಲೇ ಬಹಳ ಮಟ್ಟಿನ ಅನ್ಯಾಯವಾಗುವುದೆಂದು ನನ್ನ ಅಭಿಪ್ರಾಯ. ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಹೇಳಿದ ನಾನು ‘ಓದಿಗೆ ಅಯೋಗ್ಯ’ ಎಂದು ಬೇರೆಡೆಯಿಂದ ಮುದ್ರೆ ಹಾಕಿಸಿಕೊಂಡು ಬಂದ ಹುಡುಗರನ್ನು ಎಷ್ಟೋ ಮಂದಿ ಕಂಡಿದ್ದೇನೆ. ಒಬ್ಬನಿಗೆ ಕರಿಹಲಗೆಯೇ ಕಾಣುತ್ತಿರಲಿಲ್ಲ. ಕನ್ನಡಕ ಬಂದಿತು, ಓದು ಬಂದಿತು. ಮತ್ತೊಬ್ಬನಿಗೆ ಕಣ್ಣು ಕಿವಿ ಎಲ್ಲ ಚೆನ್ನಾಗಿಯೇ ಇದ್ದುವು. ಪುಸ್ತಕದಿಂದ ಬಾಯಿಗೆ ಹತ್ತದ ಶ್ಲೋಕವು ರಾಗವಾಗಿ ಹೇಳಿಕೊಟ್ಟರೆ ಎರಡು ಸಲಕ್ಕೆ ಬರುತ್ತಿದ್ದಿತು. ಮೊದಲನೆಯವನಲ್ಲಿ ದೋಷ, ಎರಡನೆಯವನಲ್ಲಿ ಬರಿಯ ಹೊಂದಿಕೆಯ ಕೊರತೆ. ಮುದ್ರೆ ಮಾತ್ರ ಇಬ್ಬರಿಗೂ ಒಂದೇ!

ಇನ್ನೊಂದು ಮಾತು ಉಳಿದಿದೆ. ಸಂಬಂಧಕ್ಕೆ ಪ್ರತಿಯೋಗಿ, ಅನುಯೋಗಿ ಎಂದು ಎರಡು ತುದಿಗಳನ್ನು ತಾರ್ಕಿಕರು ಹೇಳುವರು. ಯೋಗ್ಯತೆಗೆ ಮೂರನೆಯದೂ ಒಂದು ಬೇಕು, ಅದು ಪ್ರಯೋಜನ. ಪ್ರಯೋಜನವೆಂದೊಡನೆ ‘ಯಾರದು?’ ಎಂಬ ಪ್ರಶ್ನೆ ಏಳುವುದು. ಅಮೇರಿಕದಲ್ಲಿ ಹೊಗೆಯ ಕಾನೂನು ಬಿಗಿಯಾದ ಮೇಲೆ, ೧೯೭೫ರ ಮಾದರಿಗಳಿಂದ, ಅಲ್ಲಿಗೆ ಹೋಗುವ ಎಂ.ಜಿ.ಬಿ.ಗಳಿಗೆ ಎರಡು ಎಸ್.ಯು.ಗಳ ಬದಲು ಒಂದೇ ಜೆನಿತ್-ಸ್ಟ್ರಾಂಬರ್ಗ್ ಕಾರ್ಬ್ಯುರೇಟರನ್ನಿಟ್ಟು, ಒಳಹೋಗುವ ನಾಳವನ್ನೂ ಹೊಗೆ ಹೊರಡುವ ನಾಳವನ್ನೂ ಒಂದೇ ಎರಕದಲ್ಲಿ ಹೊಯ್ದರು. ಓಟವು ಕುಗ್ಗಿತು. ಇದಕ್ಕಿಂತ ಅಯೋಗ್ಯವಾದ ಜೋಡಣೆ ಇಲ್ಲವೆಂದು ಒಡೆಯರು ಇಂದಿಗೂ ಬೈಯುವರು. ಎರಕವನ್ನು ಕಿತ್ತು ಹಳೆಯ ರೀತಿಯ ಎರಡು ಎಸ್.ಯು.ಗಳನ್ನೋ ವೆಬರನ್ನೋ ತರಿಸುವರು. ಏರುದಾರಿಯಲ್ಲಿ ನುಗ್ಗಬೇಕೆನ್ನುವವನ ಪ್ರಯೋಜನಕ್ಕೆ ಅದು ಅಯೋಗ್ಯವೇ ಸರಿ. ಆದರೆ ಅದನ್ನು ಕಟ್ಟಿದುದು ಆ ಕಾರಿನ ಹಿಂದೆ ಉಸಿರಾಡುವವನಿಗಾಗಿ, ಅವನನ್ನು ಕೇಳಿದವರಿಲ್ಲ. ಕ್ಯಾಲಿಫೋರ್ನಿಯದಲ್ಲಿ ೧೯೭೫ರ ಮತ್ತು ಅದಕ್ಕೆ ಹಿಂದಿನ ಮಾದರಿಗಳಿಗೆ ಹೊಗೆಯ ಪರೀಕ್ಷೆಯಿಂದ ವಿನಾಯಿತಿಯುಂಟು, ೧೯೭೬ರದಕ್ಕೆ ಇಲ್ಲ. ಒಂದೇ ಬಗೆಯ ಇಂಜಿನಿನ ಎರಡು ಕಾರುಗಳಲ್ಲಿ ಒಂದು ಪರೀಕ್ಷೆಗೆ ಹೋಗಬೇಕಾಗಿಲ್ಲ, ಇನ್ನೊಂದು ಹೋಗಲೇಬೇಕು ಎಂದಾಯಿತು. ಕಾನೂನಿಗೆ ಎಲ್ಲಿಯಾದರೂ ಒಂದು ಗೆರೆ ಬೇಕು, ಎಳೆಯಿತು. ಗೆರೆಯ ಈಚೆಗಿರುವ ಒಡೆಯನು ತನ್ನ ಪ್ರಶ್ನೆಯನ್ನು ತಾನೇ ಕೇಳಿಕೊಳ್ಳಬೇಕು.

ಕೇಳಿಕೊಳ್ಳುವಾಗ ಅವನು ಸ್ಟ್ರಾಂಬರ್ಗಿನ ಮೇಲಿನ ಮುಚ್ಚಳವನ್ನು ಬಿಚ್ಚಿ ನೋಡುವುದೂ ಒಳ್ಳೆಯದು. ಅದರ ಪಿಸ್ಟನ್ನನ್ನು ಎತ್ತುವುದು ತೆಳುವಾದ ಒಂದು ರಬ್ಬರಿನ ಪೊರೆ. ವರ್ಷಗಳು ಕಳೆದಂತೆ ಅದು ಹರಿಯುತ್ತದೆ. ಹರಿದರೆ ಪಿಸ್ಟನ್ನು ಏಳದು, ಕಾರು ಎಷ್ಟು ಒತ್ತಿದರೂ ಓಡದು. ಹೊಸ ಮ್ಯಾನಿಫೋಲ್ಡಿಗೆ ಹಣ ಕಳುಹಿಸಿದವರಲ್ಲಿ ಕೆಲವರಿಗಾದರೂ ಬೇಕಾಗಿದ್ದುದು ಆ ಪೊರೆಯೊಂದೇ.