ಇಂದಿನ ಧಮ್ಮ ಚಿಂತನೆ: ಗ್ರಾಹಕ ರಾಜನೇ?



ಕಳೆದ ವಾರ ನಮ್ಮ ಮನೆಗೆ ದಿನಸಿ ತಂದ ಹುಡುಗ ಇಪ್ಪತ್ತು ನಿಮಿಷ ತಡವಾಗಿ ಬಂದ. ಜೋರು ಮಳೆ. ನಾನು ಮಾತಾಡದೆ ಚೀಲ ತೆಗೆದುಕೊಂಡು, ಬಾಗಿಲು ಹಾಕಿ, ಫೋನಿನಲ್ಲಿ ಒಂದೇ ಒಂದು ಸ್ಟಾರ್ ಕೊಟ್ಟೆ. ಗ್ರಾಹಕನೇ ರಾಜ ಅಂತಾರಲ್ಲ, ಆ ಕ್ಷಣ ನನಗೂ ಹಾಗೇ ಅನ್ನಿಸಿತು. ರಾತ್ರಿ ಮಲಗಿದಾಗ ಅಪ್ಪ ನೆನಪಾದರು.

ನಾನು ಚಿಕ್ಕವನಿದ್ದಾಗ ಊರಿನ ಅಂಗಡಿಗೆ ಹೋದರೆ ಅಪ್ಪ ಕಟ್ಟೆಯ ಕೆಳಗೇ ನಿಲ್ಲುತ್ತಿದ್ದರು. ದುಡ್ಡನ್ನು ಕಟ್ಟೆಯ ಮೇಲಿಡಬೇಕು, ಬೆಲ್ಲದ ಪೊಟ್ಟಣ ಮೇಲಿನಿಂದ ಅವರ ಟವೆಲ್ಲಿಗೆ ಬೀಳುತ್ತಿತ್ತು. ಅವರ ದುಡ್ಡೂ ಎಲ್ಲರ ದುಡ್ಡಿನಂಥದ್ದೇ. ಆದರೂ ಅಪ್ಪ ರಾಜನಾಗಲಿಲ್ಲ.

ಮುಕ್ತ ಮಾರುಕಟ್ಟೆಯನ್ನು ಮೆಚ್ಚುವವರು ಹೇಳುತ್ತಾರೆ: ಕೊಳ್ಳುವವನು ಪ್ರತಿ ರೂಪಾಯಿಯಿಂದಲೂ ಮತ ಹಾಕುತ್ತಾನೆ, ಲಾಭ ಬೇಕಾದ ವ್ಯಾಪಾರಿ ಜಾತಿ ನೋಡುವುದಿಲ್ಲ. ಇದರಲ್ಲಿ ಸ್ವಲ್ಪ ನಿಜವಿದೆ. ಇವತ್ತು ಸಾಮಾನು ತರಿಸುವಾಗ ನನ್ನ ಫೋನು ಜಾತಿ ಕೇಳುವುದಿಲ್ಲ. ಆದರೆ ನಮ್ಮ ಚರಿತ್ರೆ ಬೇರೆಯದನ್ನೂ ಹೇಳುತ್ತದೆ.

1927ರ ಮಾರ್ಚ್‌ನಲ್ಲಿ ಮಹಾಡ್ ಪರಿಷತ್ತಿಗೆ ಸಾವಿರಾರು ಜನ ಬಂದರು. ಊರಲ್ಲೇ ಚವದಾರ್ ಕೆರೆಯಿತ್ತು. ಆದರೂ ಕುಡಿಯಲು 40 ರೂಪಾಯಿ ಕೊಟ್ಟು ಸವರ್ಣರಿಂದ ನೀರು ಕೊಳ್ಳಬೇಕಾಯಿತು. ದುಡ್ಡು ನೀರು ತಂದಿತು, ಹಕ್ಕು ತರಲಿಲ್ಲ. ಹಕ್ಕಿಗಾಗಿ ಬಾಬಾಸಾಹೇಬರು ಜನರ ಜೊತೆ ಕೆರೆಗೇ ನಡೆದು ಹೋಗಬೇಕಾಯಿತು.

ಬಾಬಾಸಾಹೇಬರೂ ಸದಸ್ಯರಾಗಿದ್ದ ಮುಂಬಯಿ ಸರ್ಕಾರದ ಸಮಿತಿ 1930ರಲ್ಲಿ ವರದಿ ಕೊಟ್ಟಿತು. ನಮ್ಮವರು ಹಕ್ಕು ಕೇಳಿದರೆ ಹಳ್ಳಿಯ ಅಂಗಡಿಯಲ್ಲಿ ಸಾಮಾನು ಸಿಗದಂತೆ ಮಾಡುತ್ತಾರೆ ಎಂದು ಅದರಲ್ಲಿದೆ. ಬಹಿಷ್ಕಾರ ಗ್ರಾಹಕನ ದೊಡ್ಡ ಅಸ್ತ್ರ ಅನ್ನುತ್ತಾರೆ. ನಮ್ಮ ವಿಷಯದಲ್ಲಿ ಆ ಅಸ್ತ್ರ ಮಾರುವವನ ಕೈಯಲ್ಲಿತ್ತು. ಅವನು ಲಾಭವನ್ನಾದರೂ ಬಿಟ್ಟ, ಜಾತಿ ಬಿಡಲಿಲ್ಲ. ಅಂಗಡಿ, ಹೋಟೆಲಿಗೆ ಹೋಗುವ ಹಕ್ಕನ್ನು ನಮಗೆ ಕೊಟ್ಟಿದ್ದು ಸಂವಿಧಾನದ 15ನೇ ವಿಧಿ. 2015ರಲ್ಲೂ ಅಟ್ರಾಸಿಟಿ ಕಾಯ್ದೆಗೆ ತಿದ್ದುಪಡಿ ತಂದು ಆರ್ಥಿಕ ಬಹಿಷ್ಕಾರವನ್ನು ಅಪರಾಧವೆಂದು ಸೇರಿಸಬೇಕಾಯಿತು.

ಇನ್ನೊಂದು ಮಾತು. ಚುನಾವಣೆಯಲ್ಲಿ ಒಬ್ಬರಿಗೆ ಒಂದೇ ಮತ. ಮಾರುಕಟ್ಟೆಯಲ್ಲಿ ಸಾವಿರ ರೂಪಾಯಿ ಇದ್ದವನಿಗೆ ಸಾವಿರ ಮತ, ಹತ್ತು ಇದ್ದವನಿಗೆ ಹತ್ತು. ಏನೂ ಇಲ್ಲದವನ ದನಿ ಅಲ್ಲಿ ಕೇಳುವುದೇ ಇಲ್ಲ.

ಈಗ ನಮ್ಮಲ್ಲಿ ಕೆಲವರ ಕೈಗೆ ನಾಲ್ಕು ಕಾಸು ಬಂದಿದೆ. ಹಾಗಾಗಿ ಪ್ರಶ್ನೆ ನನ್ನ ಕಡೆಗೇ ತಿರುಗುತ್ತದೆ. ಬುದ್ಧರು ಉಪಾಸಕರಿಗೆ ಬೇಡವೆಂದ ಐದು ವ್ಯಾಪಾರಗಳಲ್ಲಿ ಆಯುಧ, ವಿಷ, ಮದ್ಯದ ವ್ಯಾಪಾರಗಳಿವೆ. ಇನ್ನೊಬ್ಬರನ್ನು ನೋಯಿಸಿ ಬದುಕಬಾರದು ಎಂಬುದು ಸಮ್ಯಕ್ ಆಜೀವದ ತಿರುಳು. ಅದು ಮಾರುವವನಿಗೆ ಮಾತ್ರವೇ? ಕೊಳ್ಳುವ ನನಗೂ ಅಲ್ಲವೇ? ಅಪ್ಪನಿಗೆ ಪೊಟ್ಟಣ ಎಸೆದವನು ಅವರ ಮುಖ ನೋಡುತ್ತಿರಲಿಲ್ಲ. ನಾನೂ ಆ ಹುಡುಗನ ಮುಖ ನೋಡಲಿಲ್ಲ. ಅವನ ಜಾತಿ ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಅವನ ಅನ್ನ ನನ್ನ ಬೆರಳ ತುದಿಯಲ್ಲಿತ್ತು, ಅಷ್ಟು ಸಾಕು.

ಬೆಳಿಗ್ಗೆ ಎದ್ದು ಆ ಸ್ಟಾರ್ ಬದಲಿಸಲು ನೋಡಿದೆ, ಆಗಲಿಲ್ಲ. ಮೊನ್ನೆ ಬಂದ ಇನ್ನೊಬ್ಬ ಹುಡುಗನಿಗೆ ಒಂದು ಲೋಟ ನೀರು ಕೊಟ್ಟೆ. ಅದರಿಂದ ಅವನ ಕೂಲಿ ಹೆಚ್ಚುವುದಿಲ್ಲ ಎಂದು ಗೊತ್ತು. ಕೂಲಿಗೆ ಕಾನೂನು ಬೇಕು, ಸಂಘಟನೆ ಬೇಕು. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ಮಾಡಿದೆ. ಅದು ಸರಿಯಾಗಿ ಜಾರಿಯಾಗಲಿ ಎಂದು ಅವರ ಜೊತೆ ನಿಂತು ಕೇಳುವುದು ಕೊಳ್ಳುವವರಾದ ನಮ್ಮ ಕೆಲಸವೂ ಹೌದು.

ಬಾಬಾಸಾಹೇಬರು ನಮ್ಮನ್ನು ರಾಜರಾಗಲು ಧಮ್ಮಕ್ಕೆ ಕರೆತರಲಿಲ್ಲ. ಸಮಾನರಾಗಿ ಬಾಳಲು ಕರೆತಂದರು.

ಇಂದು ಏನಾದರೂ ಕೊಳ್ಳುವಾಗ ಒಮ್ಮೆ ತಲೆಯೆತ್ತಿ ಕೊಡುವವರ ಮುಖ ನೋಡೋಣ. ಭಾನುವಾರದ ವಂದನೆಯ ನಂತರ ಈ ಬಗ್ಗೆ ಮಾತಾಡೋಣ.

ಸರ್ವರಿಗೂ ಮಂಗಳವಾಗಲಿ. ಜೈ ಭೀಮ್.