ಊರಿಗೆ ಬಂದವಳು ನೀರಿಗೆ ಬಾರಳೇ?

'ಊರಿಗೆ ಬಂದವಳು ನೀರಿಗೆ ಬಾರಳೇ' ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ನಗುನಗುತ್ತ ಆಡುತ್ತೇವೆ. ಇಂದಲ್ಲ ನಾಳೆ ಆಸಾಮಿ ಕೈಗೆ ಸಿಕ್ಕೇ ಸಿಗುತ್ತಾನೆ, ಆತುರವೇಕೆ ಎಂಬುದು ಅದರ ಭಾವ. ಗಾದೆ ಮಾಡಿದವರಿಗೆ ಒಂದು ವಿಷಯದಲ್ಲಿ ಸಂಶಯವೇ ಇರಲಿಲ್ಲ: ಊರಿಗೆ ಬಂದವರು ಯಾರೇ ಆಗಲಿ, ಆ ಊರಿನ ನೀರನ್ನು ಮುಟ್ಟದೆ ಇರುವುದು ಸಾಧ್ಯವಿಲ್ಲ. ಈಗ ಕಾಲ ಬದಲಾಗಿದೆ. ಸೀಸೆಯ ನೀರನ್ನು ಚೀಲದಲ್ಲಿಟ್ಟುಕೊಂಡು ಬಂದು, ಕೆಲಸ ಮುಗಿಸಿ, ಊರಿನ ನೀರಿಗೆ ಬಾರದೆಯೇ ಹೊರಟುಹೋಗುವುದು ಇಂದು ಕಷ್ಟವೇನಲ್ಲ. ಹಾಗೆ ಹೋಗುವುದು ಸರಿಯೇ ಎಂಬುದೇ ನನ್ನನ್ನು ಈಚೆಗೆ ಕಾಡುತ್ತಿರುವ ಪ್ರಶ್ನೆ.

ಪ್ರಶ್ನೆ ಹುಟ್ಟಿದ್ದು ಹೀಗೆ. ನಮ್ಮ ಬಂಧುಗಳ ಮನೆಯ ಹುಡುಗಿಯೊಬ್ಬಳು ಶುಶ್ರೂಷಾಶಾಸ್ತ್ರದಲ್ಲಿ ಎಂ.ಎಸ್‌ಸಿ. ಓದುತ್ತಿದ್ದಳು. ಆ ಪದವಿಗೆ ಒಂದು ಸಂಶೋಧನ ಪ್ರಬಂಧ ಬರೆಯಬೇಕು. ನೀರಿನಲ್ಲಿರುವ ಫ್ಲೋರೈಡಿನಿಂದ ಬರುವ ಕಾಯಿಲೆಯ ಬಗ್ಗೆ ಹಳ್ಳಿಯ ತಾಯಂದಿರಿಗೆ ಎಷ್ಟು ತಿಳಿವಳಿಕೆಯಿದೆ, ಪಾಠ ಹೇಳಿದರೆ ಅದು ಎಷ್ಟು ಹೆಚ್ಚುತ್ತದೆ ಎಂಬುದು ಅವಳು ಆರಿಸಿಕೊಂಡ ವಿಷಯ. ನನಗೂ ಹೊಸದುರ್ಗದಲ್ಲಿ ಸ್ವಂತ ಕೆಲಸವಿತ್ತು. ಚಿತ್ರದುರ್ಗದಲ್ಲಿ ಇಬ್ಬರೂ ಬಸ್ಸು ಹತ್ತಿದೆವು. ಹೊಳಲ್ಕೆರೆಯ ಅಡಕೆ ತೋಟಗಳ ಹಸುರು ಕಣ್ಣಿಗೆ ತಂಪೆರೆದು ಹಿಂದೆ ಸರಿಯಿತು. ಮುಂದೆ ತೆಂಗು, ರಾಗಿ ಹೊಲ, ಕಲ್ಲುಗುಡ್ಡ, ಬತ್ತಿದ ಕೆರೆಯಂಗಳ. ಅವಳು ದಾರಿಯುದ್ದಕ್ಕೂ ತನ್ನ ಪ್ರಶ್ನಾವಳಿಯನ್ನು ತಿದ್ದುತ್ತಲೇ ಇದ್ದಳು.

ನನ್ನ ಕೆಲಸ ಬೇಗ ಮುಗಿದದ್ದರಿಂದ ಅವಳಿದ್ದ ಹಳ್ಳಿಗೇ ಹೋದೆ. ಜಗಲಿಯ ಮೇಲೆ ಕುಳಿತು ಅವಳು ಒಬ್ಬೊಬ್ಬರಿಗೆ ಮೂವತ್ತು ಪ್ರಶ್ನೆ ಕೇಳುತ್ತಿದ್ದಳು. ಹಲ್ಲಿನ ಮೇಲೆ ಕಂದು ಕಲೆ ಬೀಳುವುದು ಏತರಿಂದ? ಎಷ್ಟು ವಯಸ್ಸಿನ ಮಕ್ಕಳಿಗೆ ಅಪಾಯ ಹೆಚ್ಚು? ಯಾವ ಆಹಾರ ಒಳ್ಳೆಯದು? ಒಂದೊಂದಕ್ಕೂ ನಾಲ್ಕು ಉತ್ತರ, ಒಂದಕ್ಕೆ ಗುರುತು. ಸೊಸೆಯ ಪಕ್ಕದಲ್ಲಿ ಕಂಬಕ್ಕೊರಗಿ ಕುಳಿತಿದ್ದ ಮುದುಕಿ ಎಲ್ಲವನ್ನೂ ಸಾವಧಾನವಾಗಿ ಕೇಳಿದಳು. ಆಕೆಯ ಬೆನ್ನು ಬಾಗಿತ್ತು. ಕತ್ತು ತಿರುಗಿಸಲಾರದೆ ಮೈಯನ್ನೇ ತಿರುಗಿಸಿ ಮಾತಾಡುತ್ತಿದ್ದಳು. ಮೂವತ್ತನೆಯ ಪ್ರಶ್ನೆ ಮುಗಿದಾಗ ಆಕೆ ಒಂದೇ ಮಾತು ಕೇಳಿದಳು: "ಎಲ್ಲಾನೂ ಕೇಳಿದ್ಯಲ್ಲವ್ವಾ, ಒಳ್ಳೇ ನೀರು ಯಾವಾಗ ಬರ್ತೈತೆ?"

ಹುಡುಗಿ ನನ್ನ ಮುಖ ನೋಡಿದಳು. ನಾನು ಗುಡ್ಡ ನೋಡಿದೆ. ಆ ಪ್ರಶ್ನೆಯನ್ನು ಬರೆದುಕೊಳ್ಳಲು ಅವಳ ಹಾಳೆಯಲ್ಲಿ ಜಾಗವಿರಲಿಲ್ಲ.

ಓದುಗರಲ್ಲಿ ಹಲವರಿಗೆ ಈ ಕಾಯಿಲೆಯ ಪರಿಚಯವಿರಲಾರದು. ನಗರದವರಿಗೆ ಅದು ಬರುವುದು ಕಡಮೆ. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿ ಬರೆದದ್ದು 1937ರಲ್ಲಿ, ನೆಲ್ಲೂರು ಸೀಮೆಯಲ್ಲಿ. ಗ್ರಾನೈಟಿನಂಥ ಬಂಡೆಯ ನೆಲ, ಕಡಮೆ ಮಳೆ, ಆಳವಾದ ಕೊಳವೆಬಾವಿ, ಇವು ಸೇರಿದ ಕಡೆ ನೀರಿನಲ್ಲಿ ಫ್ಲೋರೈಡ್ ಹೆಚ್ಚುತ್ತದೆ. ಲೀಟರಿಗೆ ಒಂದು ಮಿಲಿಗ್ರಾಮಿನೊಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆಯವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಹಳ್ಳಿಗಳ ಕೊಳವೆಬಾವಿಗಳು ಈ ಗೆರೆಯನ್ನು ದಾಟಿವೆ. ಮಕ್ಕಳ ಹಲ್ಲು ಮೂಡುವ ಕಾಲದಲ್ಲಿ ಕಲೆ ಬಿದ್ದರೆ ಮತ್ತೆ ಹೋಗುವುದಿಲ್ಲ. ವರ್ಷಗಟ್ಟಲೆ ಕುಡಿದರೆ ಮೂಳೆ ಕೀಲು ಬಿಗಿದು ಬೆನ್ನು ಬಾಗುತ್ತದೆ. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಇನ್ನಷ್ಟು ಗಟ್ಟಿಯಾಗುತ್ತದೆ. ತಾಯಿಯ ಜಾಣತನದಿಂದ, ಒಲೆಯ ಸೌದೆಯಿಂದ ನೀಗುವ ಕಷ್ಟವಲ್ಲ ಇದು. ಬೇರೆ ನೀರು ಬೇಕು, ಇಲ್ಲವೆ ನೀರನ್ನು ಶುದ್ಧಿಮಾಡುವ ಯಂತ್ರ ಬೇಕು.

ಬೇರೆ ನೀರು ಇಲ್ಲವೇ ಇಲ್ಲ ಎಂದಲ್ಲ. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರವಿದೆ. 1933ರಲ್ಲಿ ತುಂಬಿದ ಆ ಕಟ್ಟೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಎರಡು ತುಂಬುವಿಕೆಗಳ ನಡುವೆ ಒಂದು ಪೂರ್ಣಾಯುಷ್ಯವೇ ಕಳೆದಿತ್ತು. ಹಿರಿಯೂರು, ಚಿತ್ರದುರ್ಗ ಪಟ್ಟಣಗಳಿಗೆ ಅದರ ನೀರು ಹರಿದುಬರುತ್ತದೆ. ಹಳ್ಳಿಗಳಿಗೂ ಈಚಿನ ವರ್ಷಗಳಲ್ಲಿ ಕೊಳಾಯಿ ಯೋಜನೆಗಳು, ನಾಣ್ಯ ಹಾಕಿದರೆ ನೀರು ಕೊಡುವ ಶುದ್ಧೀಕರಣ ಘಟಕಗಳು ಬಂದಿವೆ. ಘಟಕ ನಡೆಯುವ ತನಕ ಊರಿಗೆ ಒಳ್ಳೆಯ ನೀರು. ಒಳಗಿನ ಜರಡಿ ಕೆಟ್ಟು ನಿಂತ ದಿನ ಮತ್ತೆ ಹಳೆಯ ಕೊಳವೆಬಾವಿಯೇ ಗತಿ. ನಾವು ಕುಳಿತಿದ್ದ ಜಗಲಿಯಿಂದಲೇ ಅಂಥ ಘಟಕವೊಂದು ಕಾಣುತ್ತಿತ್ತು. ಅದಕ್ಕೆ ಬೀಗ ಹಾಕಿತ್ತು.

ನಮ್ಮ ಹುಡುಗಿ ಮಾಡುತ್ತಿದ್ದಂಥ ಅಧ್ಯಯನಕ್ಕೆ ಒಂದು ಸಿದ್ಧ ಅಚ್ಚಿದೆ. ಮೊದಲ ದಿನ ಪ್ರಶ್ನೆ ಕೇಳಿ ಅಂಕ ಹಾಕುವುದು. ಬಣ್ಣದ ಚಿತ್ರಪಟ ಹಿಡಿದು ಮುಕ್ಕಾಲು ಗಂಟೆ ಪಾಠ ಹೇಳುವುದು. ವಾರ ಬಿಟ್ಟು ಬಂದು ಅವೇ ಪ್ರಶ್ನೆಗಳನ್ನು ಕೇಳುವುದು. ಅಂಕ ಹೆಚ್ಚಿರುತ್ತದೆ, ಹೆಚ್ಚದೆ ಏನಾದೀತು? ಅಷ್ಟರಿಂದ ಪಾಠ ಫಲಕಾರಿಯೆಂದು ಸಿದ್ಧವಾಗುತ್ತದೆ. ಪ್ರಬಂಧಕ್ಕೆ ರಟ್ಟು ಕಟ್ಟಿಸಿ ಕಾಲೇಜಿನ ಪುಸ್ತಕಭಂಡಾರದಲ್ಲಿಡುತ್ತಾರೆ. ಹುಡುಗಿಯರನ್ನು ನಾನು ದೂರುತ್ತಿಲ್ಲ. ಎರಡು ವರ್ಷದ ವ್ಯಾಸಂಗದಲ್ಲಿ ಅವರಿಗೆ ದೊರಕುವ ಅವಧಿ ಅಷ್ಟು, ಹಣವಂತೂ ಅವರ ಕೈಯದೇ. ಆದರೆ ಈ ಅಚ್ಚಿನೊಳಗೆ ಯಾರಿಗೂ ಗೊತ್ತಾಗದಂತೆ ಒಂದು ತೀರ್ಪು ಅಡಗಿ ಕುಳಿತಿದೆ. ವಾರದಲ್ಲಿ ಬದಲಾಯಿಸಬಹುದಾದದ್ದು ತಾಯಿಯ ತಿಳಿವಳಿಕೆ ಒಂದೇ. ಆದ್ದರಿಂದ ಅಳೆಯುವುದೂ ಅದೊಂದನ್ನೇ. ಹೀಗೆ ಅಳೆಯುತ್ತ ಹೋದರೆ ಎಲ್ಲ ಕೊರತೆಯೂ ಬಡವಳ ತಲೆಯೊಳಗೇ ಕಾಣಿಸಿಕೊಳ್ಳುತ್ತದೆ. ಬೀಗ ಹಾಕಿದ ಘಟಕಕ್ಕೆ ಯಾರೂ ಅಂಕ ಹಾಕುವುದಿಲ್ಲ.

2023ರ ಆಗಸ್ಟಿನ ಆರಂಭದಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಕೆಲವರು ಸತ್ತರು. ಬಹಳ ಜನ ಆಸ್ಪತ್ರೆ ಸೇರಿದರು. ಆ ಬೀದಿಯಲ್ಲಿ ನಿಂತು, ನೀರನ್ನು ಎಷ್ಟು ಹೊತ್ತು ಕಾಯಿಸಬೇಕೆಂದು ನಿಮಗೆ ಗೊತ್ತಿತ್ತೇ ಎಂದು ಕೇಳುವುದನ್ನು ಊಹಿಸಿಕೊಳ್ಳಿ. ಪ್ರಶ್ನೆ ತಪ್ಪಲ್ಲ, ವಿಜ್ಞಾನಸಮ್ಮತವೇ. ಆದರೂ ನಾಲಗೆ ಏಳುವುದಿಲ್ಲ. ಏಕೆಂದರೆ ಉತ್ತರ ಹೇಳಬೇಕಾದವರು ಅವರಲ್ಲವೆಂದು ನಮ್ಮ ಮನಸ್ಸಿಗೆ ಗೊತ್ತು.

ಹಾಗಾದರೆ ಕೇಳುವುದೇ ಬೇಡವೆ? ಸಹಾಯ ಮಾಡಲಾರದವರು ಪ್ರಶ್ನೆಯನ್ನೂ ಕೇಳಬಾರದು ಎಂದು ವ್ರತ ಹಿಡಿದವರು ಉಂಟು. ಮೇಲುನೋಟಕ್ಕೆ ಅದು ಬಹು ಶುದ್ಧವಾದ ನಿಲುವು. ಆದರೆ ಪರಿಣಾಮ ನೋಡಿ: ವಿದ್ಯಾರ್ಥಿನಿಯರೆಲ್ಲ ಎಲ್ಲ ಸೌಕರ್ಯವಿರುವ ನಗರದ ಆಸ್ಪತ್ರೆಗಳಲ್ಲೇ ಸಂಶೋಧನೆ ಮಾಡುತ್ತಾರೆ, ಸೌಕರ್ಯವಿಲ್ಲದ ಹಳ್ಳಿ ಯಾರ ಲೆಕ್ಕಕ್ಕೂ ಸೇರದೆ ಉಳಿಯುತ್ತದೆ. ಯಾರೂ ಎಣಿಸದ ನೋವಿಗೆ ಯಾವ ಬೊಕ್ಕಸವೂ ಹಣ ಕೊಡುವುದಿಲ್ಲ. ಎಣಿಸದೆ ಬಿಡುವುದೂ ಒಂದು ಅನ್ಯಾಯವೇ.

ದಾದಿಯರ ಸಂಶೋಧನೆಯ ಮೂಲಪುರುಷರು, ಪುರುಷರೆನ್ನಲಾಗದು, ಮೂಲಮಾತೆ ಫ್ಲಾರೆನ್ಸ್ ನೈಟಿಂಗೇಲ್. ದೀಪ ಹಿಡಿದ ದೇವತೆಯೆಂದು ನಾವು ಆಕೆಯನ್ನು ಪೂಜಿಸುತ್ತೇವೆ. ಆಕೆ ಅಂಕಿಅಂಶಗಳ ಪಂಡಿತೆಯೂ ಆಗಿದ್ದರೆಂಬುದನ್ನು ಮರೆಯುತ್ತೇವೆ. ಕ್ರಿಮಿಯಾ ಯುದ್ಧದಲ್ಲಿ ಗಾಯದಿಂದ ಸತ್ತ ಸಿಪಾಯಿಗಳಿಗಿಂತ ರೋಗದಿಂದ ಸತ್ತವರೇ ಬಹಳ ಹೆಚ್ಚೆಂದು ಲೆಕ್ಕ ಹಾಕಿ, ಚಿತ್ರ ಬರೆದು ತೋರಿಸಿದರು. ಅನಂತರ ಭಾರತದ ದಂಡಿನ ಪಾಳೆಯಗಳಿಗೆ ಪ್ರಶ್ನಾವಳಿ ಹೋಗುವಂತೆ ಮಾಡಿ, ನೀರು ಎಲ್ಲಿಂದ ಬರುತ್ತದೆ, ಚರಂಡಿ ಹೇಗಿದೆ ಎಂದು ಕೇಳಿದರು. 1863ರಲ್ಲಿ ಆ ಉತ್ತರಗಳ ಮೇಲೆ ವರದಿ ಹೊರಟಿತು. ಆಕೆ ಭಾರತಕ್ಕೆ ಒಮ್ಮೆಯೂ ಬಂದವರಲ್ಲ. ಗಾದೆಯ ಮಾತಿನಲ್ಲಿ ಹೇಳುವುದಾದರೆ ಊರಿಗೇ ಬರಲಿಲ್ಲ. ಆದರೆ ನೀರಿಗೆ ಬಂದರು. ಅಲ್ಲಿಂದ ಮುಂದೆ ದಶಕಗಳ ಕಾಲ ಮಂತ್ರಿಗಳನ್ನೂ ವೈಸರಾಯರನ್ನೂ ಈ ದೇಶದ ನೀರು, ನೈರ್ಮಲ್ಯ, ಕ್ಷಾಮಗಳ ವಿಚಾರವಾಗಿ ಪೀಡಿಸುತ್ತಲೇ ಇದ್ದರು. ಉತ್ತರ ಕೈಗೆ ಬಂದ ದಿನ ತಮ್ಮ ಕೆಲಸ ಮುಗಿಯಿತೆಂದು ಅವರು ಎಣಿಸಲಿಲ್ಲ. ಆ ದಿನದಿಂದ ಮೊದಲಾಯಿತೆಂದು ತಿಳಿದರು.

ಇದಕ್ಕೆ ತೀರ ವ್ಯತಿರಿಕ್ತವಾದ ಕಥೆಯೂ ಒಂದಿದೆ. ಅದರಲ್ಲೂ ಒಬ್ಬ ದಾದಿಯುಂಟು. ಅಮೆರಿಕದ ಅಲಬಾಮ ಸಂಸ್ಥಾನದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ, ಮೇಹರೋಗವಿದ್ದ ಸುಮಾರು ನಾನೂರು ಜನ ಬಡ ಕಪ್ಪು ರೈತರನ್ನು, ರೋಗ ಹೇಗೆ ಬೆಳೆಯುತ್ತದೆಂದು ನೋಡುವುದಕ್ಕಾಗಿ, ಚಿಕಿತ್ಸೆ ಕೊಡದೆ ಇರಿಸಿಕೊಂಡರು. 1940ರ ದಶಕದಲ್ಲಿ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಆ ಜನ ನಲವತ್ತು ವರ್ಷ ಆ ಅಧ್ಯಯನಕ್ಕೆ ಅಂಟಿಕೊಂಡಿದ್ದಕ್ಕೆ ಮುಖ್ಯ ಕಾರಣ ಯೂನಿಸ್ ರಿವರ್ಸ್ ಎಂಬ ದಾದಿ. ಆಕೆಯೂ ಅವರ ಜನಾಂಗದವಳೇ. ಮನೆಮನೆಗೆ ಹೋಗುತ್ತಿದ್ದಳು, ತನ್ನ ಕಾರಿನಲ್ಲಿ ಅವರನ್ನು ಪರೀಕ್ಷೆಗೆ ಕರೆದೊಯ್ಯುತ್ತಿದ್ದಳು, ಹೆಸರು ಹಿಡಿದು ಕ್ಷೇಮ ವಿಚಾರಿಸುತ್ತಿದ್ದಳು. ಅವರು ನಂಬಿದ್ದು ವೈದ್ಯರನ್ನಲ್ಲ, ಆಕೆಯನ್ನು. ಆಕೆಯ ಅಕ್ಕರೆ ಸುಳ್ಳಾಗಿತ್ತೆಂದು ಹೇಳಲು ನನಗೆ ಧೈರ್ಯವಿಲ್ಲ. ಭಯವಾಗುವುದು ಅದಕ್ಕೇ: ಅಕ್ಕರೆ ನಿಜವಾಗಿದ್ದೂ ಅದು ಬೇರೊಬ್ಬರ ಕೈಯ ಗಾಳವಾಗಬಹುದು.

ಎಲ್ಲಿಯ ಅಲಬಾಮ, ಎಲ್ಲಿಯ ಹೊಸದುರ್ಗ ಎನ್ನಬಹುದು. ನಮ್ಮ ಹುಡುಗಿಯ ಮೂವತ್ತು ಪ್ರಶ್ನೆಯಿಂದ ಯಾರ ಪ್ರಾಣವೂ ಹೋಗುವುದಿಲ್ಲ, ನಿಜ. ಆದರೆ ಇಬ್ಬರೂ ಖರ್ಚು ಮಾಡುವ ನಾಣ್ಯ ಒಂದೇ. ದಾದಿಯ ಮೇಲೆ ಜನ ಇಟ್ಟ ನಂಬಿಕೆ. ಬಯಲುಸೀಮೆಯಲ್ಲಿ ಐದು ಸಾವಿರ ಜನಕ್ಕೊಂದು ಉಪಕೇಂದ್ರ, ಮೂವತ್ತು ಸಾವಿರ ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂಬುದು ಸರಕಾರದ ಲೆಕ್ಕ. ಆ ಐದು ಸಾವಿರ ಜನಕ್ಕೆ ಮಗುವಿನ ಲಸಿಕೆಗೂ ಬಸುರಿಯ ಮಾತ್ರೆಗೂ ಉಪಕೇಂದ್ರದ ಸಿಸ್ಟರಮ್ಮನೇ ಗತಿ. ಬಿಳಿಯ ಕೋಟು ತೊಟ್ಟು, ಸಿಸ್ಟರಮ್ಮನ ಜೊತೆಯಲ್ಲಿ ಬಾಗಿಲಿಗೆ ಬಂದ ಹುಡುಗಿಗೆ ಒಲ್ಲೆ ಎನ್ನಬಲ್ಲ ತಾಯಿ ಎಷ್ಟು ಮಂದಿ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ, ಒಪ್ಪಿಗೆ ಸ್ವಂತ ಇಚ್ಛೆಯಿಂದ ಬಂದದ್ದಾಗಿರಬೇಕು, ಓದುಬರಹ ಬಾರದವರು ಹೆಬ್ಬೆಟ್ಟು ಒತ್ತುವಾಗ ನಿಷ್ಪಕ್ಷಪಾತಿಯಾದ ಸಾಕ್ಷಿಯಿರಬೇಕು, ಸಂಶೋಧನೆಯ ಫಲ ಆ ಜನಕ್ಕೂ ಮುಟ್ಟಬೇಕು ಎನ್ನುತ್ತದೆ. ಒಳ್ಳೆಯ ಮಾತುಗಳು. ಆದರೆ ಬೇರೆ ದಾರಿಯಿಲ್ಲದವರ ಹೆಬ್ಬೆಟ್ಟಿನಲ್ಲಿ ಒಪ್ಪಿಗೆ ಎಷ್ಟು, ದಾಕ್ಷಿಣ್ಯವೆಷ್ಟು ಎಂಬುದನ್ನು ಯಾವ ಸಾಕ್ಷಿಯೂ ಹೇಳಲಾರ.

ಹೀಗಿರುವಾಗ ಕೇಳುವವರ ಪಾಲಿಗೆ ಉಳಿಯುವ ಧರ್ಮ ಯಾವುದು? ದೇವಋಣ, ಋಷಿಋಣ, ಪಿತೃಋಣವೆಂದು ನಮ್ಮ ಹಿರಿಯರು ಹುಟ್ಟಿನೊಡನೆ ಬರುವ ಸಾಲಗಳನ್ನು ಎಣಿಸಿದ್ದರು. ಕೇಳಿದವರ ಋಣವೆಂದು ಇನ್ನೊಂದನ್ನು ಸೇರಿಸಬಹುದೆಂದು ನನಗೆ ತೋರುತ್ತದೆ. ಒಬ್ಬಾಕೆ ಕಳೆ ಕೀಳುವುದನ್ನು ಬಿಟ್ಟು ಬಂದು ಅರ್ಧ ದಿನದ ಕೂಲಿ ಕಳೆದುಕೊಂಡು ನಮಗೆ ಉತ್ತರ ಕೊಟ್ಟಳು. ಆ ಉತ್ತರದಿಂದ ನಮಗೆ ಪದವಿ ಬಂತು. ಆಕೆಗೆ ಏನು ಬರಬೇಕು? ಕಾಯಿಲೆ ವಾಸಿಮಾಡುವುದು, ನೀರು ತರುವುದು ಒಬ್ಬ ವಿದ್ಯಾರ್ಥಿನಿಯ ಶಕ್ತಿಯ ಮಾತಲ್ಲ; ಅದನ್ನು ಆಕೆಯೂ ಬಲ್ಲಳು. ಆದರೆ ನಿಮ್ಮೂರಿನಲ್ಲಿ ನಮಗೆ ಕಂಡದ್ದು ಇದು ಎಂದು ಬಂದು ಹೇಳುವುದು ಶಕ್ತಿಯ ಮಾತು. ಕಂಡದ್ದನ್ನು ಒಂದು ಹಾಳೆ ಕನ್ನಡದಲ್ಲಿ ಬರೆದು ಪಂಚಾಯಿತಿಗೂ ಆರೋಗ್ಯ ಕೇಂದ್ರಕ್ಕೂ ಕೊಡುವುದು ಶಕ್ತಿಯ ಮಾತು. ತಾಯಿಯ ತಿಳಿವಳಿಕೆಗೆ ಅಂಕ ಹಾಕಿದ ಪುಟದ ಪಕ್ಕದಲ್ಲೇ ಊರಿನಲ್ಲಿ ಒಳ್ಳೆಯ ನೀರು ಎಷ್ಟು ದಿನ ಸಿಕ್ಕಿತೆಂದು ಬರೆದಿಡುವುದೂ ಶಕ್ತಿಯ ಮಾತೇ. ಇಷ್ಟನ್ನು ಮಾಡಿದರೆ ಕೊರತೆ ಆಕೆಯ ತಲೆಯಿಂದ ಇಳಿದು ತನ್ನ ನಿಜವಾದ ಜಾಗಕ್ಕೆ ಹೋಗಿ ಕೂರುತ್ತದೆ. ನೀತಿ ಸಮಿತಿಗಳು ಒಪ್ಪಿಗೆ ಪತ್ರವನ್ನು ನೋಡುವಷ್ಟೇ ಕಟ್ಟುನಿಟ್ಟಾಗಿ, ಹಿಂದಿರುಗಿ ಹೋದೆಯಾ ಎಂದು ಕೇಳಿದರೆ ಒಳ್ಳೆಯದು.

ಏಳನೆಯ ದಿನ ನಮ್ಮ ಹುಡುಗಿ ಅದೇ ಹಳ್ಳಿಗೆ ಮತ್ತೆ ಹೋದಳು. ಹೋಗುವ ಮೊದಲು ತಾನಾಗಿಯೇ ಪಂಚಾಯಿತಿ ಕಚೇರಿಗೆ ಹೋಗಿ ಘಟಕದ ಬೀಗದ ವಿಚಾರ ಕೇಳಿದಳಂತೆ. ಒಳಗಿನ ಜರಡಿ ಬದಲಾಯಿಸಬೇಕು, ಬರೆದಿದ್ದೇವೆ, ಇನ್ನೂ ಬಂದಿಲ್ಲ ಎಂದರು. ಅಷ್ಟನ್ನೇ ಹೊತ್ತುಕೊಂಡು ಜಗಲಿಗೆ ಹೋಗಿ, ತನ್ನ ಪ್ರಶ್ನೆ ಎತ್ತುವ ಮೊದಲು ಮುದುಕಿಯ ಪ್ರಶ್ನೆಗೆ ಉತ್ತರ ಹೇಳಿದಳು. ಮುದುಕಿ ಮೈ ತಿರುಗಿಸಿ ಅವಳನ್ನೇ ಸ್ವಲ್ಪ ಹೊತ್ತು ನೋಡಿ, "ಅಷ್ಟಾದ್ರೂ ಕೇಳ್ಕೊಂಡು ಬಂದ್ಯಲ್ಲ, ಕೂತ್ಕೋ" ಎಂದು ಒಳಗಿನಿಂದ ಒಂದು ಲೋಟ ನೀರು ತರಿಸಿದಳಂತೆ.

ಅದು ಯಾವ ನೀರೆಂದು ಹುಡುಗಿಗೆ ಚೆನ್ನಾಗಿ ಗೊತ್ತಿತ್ತು. ಕುಡಿದೆಯಾ ಎಂದು ಕೇಳಿದೆ. ಕುಡಿದೆ ಎಂದಳು.